ಕೌದಿ ಹೊದ್ದ ಇಟ್ಟಂಗಿಗಳು

ಇವತ್ತು ಎಮ್ಮೆ ಹಿಂಡಿದೆ, ಅಂಗಳ ಸಾರಿಸಿದೆ, ರೊಟ್ಟಿ ಬಡಿದೆ, ಗಾಣಕ್ಕೆ ಬುತ್ತಿ ಕಟ್ಟಿದೆ, ಅತ್ತೆಯ ಹಳೆಯ ಕೌದಿಯನ್ನು ಬಿಸಿಲಿನಲ್ಲಿ ಝಾಡಿಸಿದೆ. ಎಷ್ಟು ಒಗೆದರೂ ಅದರ ಹೊಲಿಗೆಯ ಸಂದಿನಿಂದ ಬೂದಿ ಉದುರುತ್ತದೆ. ನಮ್ಮಲ್ಲಿ ಬಾಡಿಗೆಗಿದ್ದ ಟೀಚರು, ನಮ್ಮ ಅಕ್ಕೋರು, ಸಕ್ಕರೆ ಕಾರ್ಖಾನೆಯಿಂದ ಚೀಲದಲ್ಲಿ ತರುತ್ತಿದ್ದ ಬೂದಿ.

ಅಕ್ಕೋರ ಬೆರಳ ತುದಿಗಳಲ್ಲಿ ಸದಾ ಚರ್ಮ ಸುಲಿದಿರುತ್ತಿತ್ತು. ಕಾಸ್ಟಿಕ್ ಸೋಡಾದ ಪ್ರತಾಪ. ಕೈಗವಸು ಹಾಕಿಕೊಂಡರೂ ಎಲ್ಲೋ ಹರಿದಿರುತ್ತಿತ್ತು. ಬಿಸಿ ರೊಟ್ಟಿ ಮುಟ್ಟಲಾಗದೆ ಸೆರಗಿನ ತುದಿ ಹಿಡಿದು ಮುರಿದುಕೊಳ್ಳುತ್ತಿದ್ದರು. ಗೋಕಾಕದ ಕಾಲೇಜೊಂದರಲ್ಲಿ ಕಟ್ಟಡದ ವಿದ್ಯೆ ಕಲಿಸುತ್ತಿದ್ದ ಅವರು, ಮೇಲವಂಕಿಯ ನಮ್ಮ ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಕೇಳಿಕೊಂಡು ಬಂದದ್ದು ನಮ್ಮದು ಬೆಲ್ಲದ ಗಾಣ ಎಂಬ ಕಾರಣಕ್ಕೆ.

ತುಕ್ಕಾನಟ್ಟಿಯಲ್ಲಿ ಅವರ ಅಪ್ಪನದೂ ಗಾಣವಿತ್ತು. ಒಮ್ಮೆ ಒಲೆಯ ಬಾಯಿಯ ಇಟ್ಟಂಗಿ ಕಾವಿಗೆ ಸಿಡಿದು, ಕೊಪ್ಪರಿಗೆ ವಾಲಿ, ಕುದಿಯುವ ಪಾಕ ಅಪ್ಪನ ಕಾಲ ಮೇಲೆ ಸುರಿಯಿತು. ಆತ ಮತ್ತೆ ನಡೆಯಲಿಲ್ಲ. ಬೆಂಕಿಗೆ ಸಿಡಿಯದ ಇಟ್ಟಂಗಿ ಮಾಡಬೇಕು, ಅದು ಗಾಣದ ಒಲೆಯಲ್ಲಿ ನಿಂತದ್ದನ್ನು ಕಣ್ಣಾರೆ ಕಾಣಬೇಕು. ಅಕ್ಕೋರಿಗೆ ಇದ್ದ ಹಟ ಅದೊಂದೇ.

ಕಾರ್ಖಾನೆಯ ಬೂದಿ, ಕಬ್ಬಿಣ ಕರಗಿಸಿದ ಕಿಟ್ಟದ ಪುಡಿ, ಮೇಲೆ ಕಾಸ್ಟಿಕ್ ಸೋಡಾದ ನೀರು. ಸಿಮೆಂಟಿನ ಮಾತೇ ಇಲ್ಲ.

"ಇದಕ್ಕ ಜಿಯೋಪಾಲಿಮರ್ ಅಂತಾರ್ರಿ ವೈನಿ," ಎಂದರು ನನಗೆ.

"ಆ ಹೆಸರ ಹೇಳೂದ್ರಾಗ ಇಟ್ಟಂಗಿ ಒಣಗತೈತಿ ಬಿಡ," ಎಂದರು ನಮ್ಮತ್ತೆ.

ಮೊದಲ ಸಲದವು ನನ್ನ ಯಜಮಾನರ ಸುತ್ತಿಗೆಗೂ ಬಗ್ಗಲಿಲ್ಲ. ಒಲೆಗಿಟ್ಟರೆ ಮಾತ್ರ ಟಪ್ ಟಪ್ ಎಂದು ಸಿಡಿದವು. ಅಕ್ಕೋರು ಚೂರುಗಳನ್ನು ಆರಿಸುತ್ತ, "ಗಟ್ಟಿ ಇರೂದ ಬ್ಯಾರೆ, ಕಾವ ತಡಿಯೂದ ಬ್ಯಾರೆ ನೋಡ್ರಿ. ಒಳಗ ನೀರ ಉಳದ್ರ ಉಗಿಯಾಗಿ ಒಡಕೊಂಡ ಬರತೈತಿ," ಎಂದರು. ಮುಂದಿನ ಸಲ ನೀರು ಕಡಿಮೆ ಮಾಡಿ, ಹಳೆಯ ಹಂಚಿನ ಚೂರು ಬೆರೆಸಿದರು. ಹಂಚಿನ ಚೀಲವನ್ನು ಹುಕ್ಕೇರಿಯಿಂದ ಬಸ್ಸಿನಲ್ಲೇ ತಂದರು. "ಅಕ್ಕೋರ, ಯಾರ ಮನಿ ಕೆಡವಿ ತಂದೀರಿ?" ಎಂದು ಕಂಡಕ್ಟರ್ ಕೇಳಿದನಂತೆ.

ಆ ಇಟ್ಟಂಗಿಗಳನ್ನು ಕೆಡಿಸಿದವರು ನಮ್ಮತ್ತೆ. ಸಿಮೆಂಟಿಗೆ ನೀರು ಹೊಡೆಯುವುದನ್ನು ಕಂಡವರು. ಅಕ್ಕೋರು ಕಾಲೇಜಿಗೆ ಹೋದ ಮೇಲೆ ತುಳಸಿಗೆ ಎರೆದು ಉಳಿದ ನೀರನ್ನು ದಿನಾ ಅವಕ್ಕೂ ಸುರಿದರು. ಮೈತುಂಬ ಬಿಳಿ ಉಪ್ಪು ಎದ್ದು ಮೂಲೆಗಳು ಉದುರತೊಡಗಿದವು. ಅಕ್ಕೋರು ಬೈಯಲಿಲ್ಲ. ಉದುರಿದ ಮೂಲೆಯೊಂದನ್ನು ಎತ್ತಿಕೊಂಡು ಕೇಳಿದರು:

"ಆಯಿ, ಬಾಣಂತಿಗೆ ತಣ್ಣೀರ ಎರಿತೀರೇನ್ರಿ?"

"ಹುಚ್ಚಿ! ಸನ್ನಿ ಆಗತೈತಿ."

"ಇವೂ ಬಾಣಂತ್ಯಾರ ರೀ. ನೀರ ಬ್ಯಾಡ, ಗಾಳಿ ಬ್ಯಾಡ. ಬೆಚ್ಚಗ ಹೊಚ್ಚಬೇಕ."

ಅತ್ತೆ ಎದ್ದು ಹೋಗಿ, ಟ್ರಂಕಿನಿಂದ ತಮ್ಮ ಕೌದಿ ತಂದು ಕೊಟ್ಟರು.

ಮತ್ತೆ ಅಚ್ಚು ಹಾಕುವಾಗ ಅಕ್ಕೋರು ನಡುನಡುವೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ದಣಿವು ಎಂದುಕೊಂಡೆವು. ರಕ್ತದ ಕ್ಯಾನ್ಸರ್ ಎಂದು ಬೆಳಗಾವಿಯ ಡಾಕ್ಟರು ಹೇಳಿದರು. ನಾವು ನೋಡಲು ಆಸ್ಪತ್ರೆಗೆ ಹೋದಾಗ ಅಕ್ಕೋರು ಮೊದಲು ಕೇಳಿದ್ದು, "ಆಯಿ, ನೀರ ಹಾಕಿಲ್ಲಲ್ರಿ?"

"ಇಲ್ಲವ್ವಾ. ನನ್ನ ಮಕ್ಕಳನ್ನೂ ಇಷ್ಟ ಜ್ವಾಕಿ ಮಾಡಿಲ್ಲ," ಎಂದರು ಅತ್ತೆ.

ಕಬ್ಬು ಇನ್ನೂ ಬಲಿತಿರಲಿಲ್ಲ, ಗಾಣ ಹೂಡುವಂತಿರಲಿಲ್ಲ. ಯಜಮಾನರು, "ನಾಳೆ ಬರೇ ನೀರಿಟ್ಟ ಒಲಿ ಹೊತ್ತಸತೇನ್ರಿ. ಫೋನಿನ್ಯಾಗ ನೋಡೀರಂತ," ಎಂದರು. ಅಕ್ಕೋರ ಕಣ್ಣು ಒಂದು ಗಳಿಗೆ ಅರಳಿತು. ಆಮೇಲೆ ತಲೆಯಾಡಿಸಿದರು.

"ಬ್ಯಾಡ್ರಿ ಅಣ್ಣಾರ. ಒಳಗಿನ್ನೂ ಹಸಿ ಐತಿ. ನನ್ನ ಸಲುವಾಗಿ ಅವಸರ ಮಾಡಿದ್ರ ಒಡಿತಾವ. ಪೂರಾ ಆರಲಿ."

ಇಟ್ಟಂಗಿ ಆರುವವರೆಗೆ ಅವರು ಉಳಿಯಲಿಲ್ಲ.

ಇವತ್ತು ಗಾಣ ಹೂಡಿದೆವು. ಒಲೆಯ ಬಾಯಿಗೆ ಅವೇ ಇಟ್ಟಂಗಿ. ಯಜಮಾನರು ಮೆಲ್ಲಗೆ ಉರಿ ಏರಿಸಿದರು. ಬುತ್ತಿ ಬಿಚ್ಚದೆ ನಾವೆಲ್ಲ ಆ ಟಪ್ ಎಂಬ ಸದ್ದಿಗೆ ಕಿವಿಗೊಟ್ಟು ನಿಂತೆವು. ಕೊಪ್ಪರಿಗೆ ಕುದಿಯುವ ಸದ್ದಷ್ಟೇ ಕೇಳಿತು. ಪಾಕ ಇಳಿಸಿದ ಮೇಲೆ ಅತ್ತೆ ಕೋಲೂರಿ ಬಗ್ಗಿ, ಕೆಂಪಗೆ ಕಾದ ಬಾಯಿಯನ್ನು ನೋಡಿದರು. "ಒಂದೂ ಬಿರದಿಲ್ಲವ್ವಾ," ಎಂದರು. ಮನೆಯಲ್ಲಿ ಅಕ್ಕೋರಿದ್ದ ಮುಂದಿನ ಖೋಲಿಗೂ ಕೇಳಲಿ ಎನ್ನುವಷ್ಟು ಗಟ್ಟಿಯಾಗಿ.

ರಾತ್ರಿ ಊಟಕ್ಕೆ ರೊಟ್ಟಿ, ಪುಂಡಿಪಲ್ಲೆ, ಹೊಸ ಬೆಲ್ಲ, ತುಪ್ಪ. ಬಿಸಿ ರೊಟ್ಟಿಯನ್ನು ಸೆರಗಿನ ತುದಿ ಹಿಡಿದು ಮುರಿಯುತ್ತಿದ್ದೇನೆ ಎಂಬುದು ಯಜಮಾನರು ನೋಡಿದಾಗಲೇ ನನಗೆ ತಿಳಿಯಿತು. ಎಲ್ಲರಿಗಿಂತ ಮೊದಲು ಮಲಗಿದವರು ಅತ್ತೆ, ಅದೇ ಕೌದಿ ಹೊದ್ದು.