ಘಾಟಿಯಲ್ಲಿ ಬಿಟ್ಟು ಬಂದ ಕೊಂಬೆ

ಬಣ್ಣದ ಟೊಪ್ಪಿ ಹಾಕಿಕೊಂಡು ಗಿಯರಿನ ಸೈಕಲ್ಲಿನಲ್ಲಿ ಘಾಟಿ ಹತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪಾಪ, ಅವರು ನನಗೇನು ಮಾಡಿದ್ದಾರೆ? ಮನೆಯವರು ಕೇಳಿದರೆ ವಯಸ್ಸಾಯಿತಲ್ಲ, ಸುಮ್ಮನೆ ಸಿಡುಕುತ್ತೇನೆ ಎಂದುಬಿಡುತ್ತೇನೆ. ನಿಜ ಅದಲ್ಲ.

ಕದ್ರಿ ಗುಡ್ಡದಿಂದ ಪೆಡಲು ತುಳಿಯದೆ ಇಳಿಯುವಾಗ ಅಂಗಿಯೊಳಗೆ ಗಾಳಿ ತುಂಬಿಕೊಳ್ಳುತ್ತದಲ್ಲ, ಆ ಸುಖಕ್ಕಾಗಿಯೇ ನಾನೂ ನನ್ನ ಗೆಳೆಯನೂ ಕಾಲೇಜಿನ ರಜೆಗಳನ್ನೆಲ್ಲ ಕಳೆದಿದ್ದೆವು. ಅವನು ಬಂದರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬ್ಯಾರಿಗಳ ಮಗ, ನಮ್ಮ ಕರಾವಳಿಯ ಮುಸ್ಲಿಮರವನು. ನಾನು ದೇವಸ್ಥಾನದ ಅರ್ಚಕರ ಮಗ. ನಮ್ಮ ಹರಟೆ ತುಳುವಿನಲ್ಲಿ, ಜಗಳ ಕಾಲೇಜಿನ ಕನ್ನಡದಲ್ಲಿ. ಐವತ್ತರ ದಶಕದ ಕೊನೆಯ ಒಂದು ಕ್ರಿಸ್ಮಸ್ ರಜೆಯಲ್ಲಿ ಚಾರ್ಮಾಡಿ ಘಾಟಿಯನ್ನೇ ಹತ್ತಿ ಇಳಿಯುವುದೆಂದು ಹೊರಟೆವು. ಅದಕ್ಕಾಗಿ ಒಂದು ತಿಂಗಳು ಕುಲಶೇಖರದ ಏರಿನಲ್ಲಿ ಏದುಸಿರು ಬಿಟ್ಟು ಅಭ್ಯಾಸ ಮಾಡಿದ್ದೆವು.

ಮೊದಲ ದಿನ ಬೆಳ್ತಂಗಡಿಯಲ್ಲಿ ಅವನ ಸೋದರಮಾವನ ಮನೆಯಲ್ಲಿ ತಂಗಿದೆವು. ನಾನು ಅವರಲ್ಲಿ ಉಣ್ಣುವುದಿಲ್ಲ ಎಂದು ಗೊತ್ತಿದ್ದ ಆ ಮನೆಯವರು ಅಂಗಳದ ಮೂಲೆಯಲ್ಲಿ ಮೂರು ಕಲ್ಲು, ಹೊಸ ಮಣ್ಣಿನ ಗಡಿಗೆ, ಅಕ್ಕಿ, ಬೆಲ್ಲ ಇಟ್ಟು ದೂರ ಸರಿದರು. ಮಡಿಯಲ್ಲಿ ನಾನು ಅಪ್ಪನಿಗಿಂತ ಒಂದು ಕೈ ಮೇಲೆ. ಹೊಗೆ ಕುಡಿಯುತ್ತ ಗಂಜಿ ಬೇಯಿಸಿದೆ. ಜಗಲಿಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ ಅವನು, ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎಂಬ ಗಾದೆ ನಿನ್ನನ್ನು ನೋಡಿಯೇ ಹುಟ್ಟಿದ್ದು ಎಂದು ಗೇಲಿ ಮಾಡಿದ. ನನಗೆ ಸಿಟ್ಟು ಬಂತು, ನಗುವೂ ಬಂತು.

ಮರುದಿನ ಘಾಟಿಯ ಬುಡದ ಚಹಾ ಅಂಗಡಿಯವರು ನಮ್ಮ ಸೈಕಲ್ಲಿನ ಬ್ರೇಕನ್ನು ಒತ್ತಿ ನೋಡಿ ತಲೆಯಾಡಿಸಿದರು. ಇಳಿಯುವಾಗ ಕ್ಯಾರಿಯರಿಗೆ ಹಗ್ಗದಲ್ಲಿ ಒಂದು ದಪ್ಪ ಕೊಂಬೆ ಕಟ್ಟಿ ಹಿಂದೆ ಎಳೆದುಕೊಂಡು ಬನ್ನಿ, ಬರೀ ಬ್ರೇಕನ್ನು ನಂಬಿದರೆ ರಬ್ಬರು ಸವೆದು ಹೋಗುತ್ತದೆ ಎಂದರು. ಎರಡು ತುಂಡು ಹಗ್ಗವನ್ನೂ ಅವರೇ ಕೊಟ್ಟರು.

ಹತ್ತಿದ್ದೇನು, ತಳ್ಳಿಕೊಂಡು ಹೋದದ್ದೇ ಹೆಚ್ಚು. ಆದರೂ ಎಂಥ ಸುಖ! ಬಂಡೆಯಿಂದ ಜಿನುಗುವ ನೀರಿಗೆ ಬಾಯಿ ಒಡ್ಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಪ್ರತಿ ತಿರುವಿಗೂ ಊರುಗಳು ಕೆಳಗೆ ಸಣ್ಣದಾಗುತ್ತಿದ್ದವು. ಕಡಲಿನ ಸೆಕೆಯಲ್ಲಿ ಬೆಳೆದ ನಮಗೆ ಆ ತಂಪು ತಲೆಗೇರಿತ್ತು. ತುದಿಯಲ್ಲಿ ನಾನು ತಂದಿದ್ದ ಅವಲಕ್ಕಿಯನ್ನು ಎಲೆಯ ಮೇಲೆ ಹಾಕಿ ಅವನತ್ತ ಸರಿಸಿದೆ. ಅಷ್ಟನ್ನೂ ಅವನೇ ತಿಂದ. ಆ ಮಧ್ಯಾಹ್ನದಷ್ಟು ಸಂತೋಷ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಇಳಿಯುವ ಮೊದಲು ನನಗೆ ಬೇಗನೆ ಒಂದು ಕೊಂಬೆ ಸಿಕ್ಕಿತು. ಕಟ್ಟಿಕೊಂಡೆ. ಅವನು ಹುಡುಕುತ್ತ ಹೋಗಿ ರಸ್ತೆಯ ಪಕ್ಕದ ಮರದಡಿಯಿಂದ ಒಂದು ಒಣ ಕೊಂಬೆಯನ್ನು ಎಳೆದು ತಂದ. ಹೇಳಿ ಮಾಡಿಸಿದ ಹಾಗಿತ್ತು. ಆದರೆ ನಾನು ಆ ಮರದ ಬುಡ ನೋಡಿದೆ. ಅರಿಶಿನ ಬಳಿದ ನಾಗನ ಕಲ್ಲು ಇತ್ತು. ನಾಗನ ಜಾಗದಿಂದ ಎಲೆಯನ್ನೂ ತರಬಾರದೆಂದು ಕೇಳಿ ಬೆಳೆದವನು ನಾನು. ಅದನ್ನು ಮುಟ್ಟಬೇಡ, ಇಟ್ಟು ಬಾ, ದೋಷ ತಟ್ಟುತ್ತದೆ ಎಂದು ಹಟ ಹಿಡಿದೆ. ಮುಂದೆ ಬೇರೆ ಸಿಗುತ್ತದೆ ಎಂದೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಅವನಿಗೆ ನಾಗನ ಭಯ ಇರಲಿಲ್ಲ.

"ನಿನಗೆ ಬೇಜಾರಾಗ್ತದಾದರೆ ಬೇಡ ಮಾರಾಯ. ಸಿಗುವಲ್ಲಿವರೆಗೆ ಮೆಲ್ಲ ಬರ್ತೇನೆ" ಎಂದು ಅದನ್ನು ಇದ್ದಲ್ಲೇ ಇಟ್ಟು ಬಂದ.

ನನ್ನ ಕೊಂಬೆಯನ್ನೇ ಬಿಚ್ಚಿ ಕೊಡಬಹುದಿತ್ತು. ಹೊಳೆಯಲೇ ಇಲ್ಲ. ಮೂರು ತಿರುವು ಅವನು ನನ್ನ ಹಿಂದೆಯೇ ಇದ್ದ. ನಾಲ್ಕನೆಯದರಲ್ಲಿ ನನ್ನನ್ನು ದಾಟಿ ಹೋದ. ನನ್ನ ಜೊತೆ ಪಂದ್ಯ ಕಟ್ಟುತ್ತಿದ್ದಾನೆ ಎಂದುಕೊಂಡು ನಾನು ನಕ್ಕೆ ಕೂಡ. ಅವನು ತಿರುಗಿ ನೋಡಲಿಲ್ಲ, ಎರಡೂ ಕಾಲನ್ನು ನೆಲಕ್ಕೆ ಒತ್ತಿದ್ದ. ಮುಂದಿನ ತಿರುವಿನಲ್ಲಿ ರಸ್ತೆ ಬಲಕ್ಕೆ ಹೋಯಿತು, ಅವನು ನೇರ ಹೋದ. ಆ ದಾರಿಯಲ್ಲಿ ಬಂದ ಲಾರಿಯವರು ಕಣಿವೆಗೆ ಇಳಿದು ಅವನನ್ನು ಮೇಲೆ ತಂದಾಗ ಉಸಿರಿತ್ತು. ಉಜಿರೆ ಮುಟ್ಟುವಾಗ ಇರಲಿಲ್ಲ.

ಬ್ರೇಕು ಹೋಯಿತು ಎಂದಷ್ಟೇ ಎಲ್ಲರಿಗೂ ಹೇಳಿದೆ. ಹದಿನೈದು ದಿನ ಅನ್ನ ಸೇರಲಿಲ್ಲ. ಕೊನೆಗೆ ಅಪ್ಪ ಪೂಜೆ ಮುಗಿಸಿ ಬಂದು ಕೂತಾಗ ಎಲ್ಲವನ್ನೂ ಹೇಳಿದೆ. ನಾಗನ ಸೊತ್ತು ಮುಟ್ಟಲು ಬಿಡಲಿಲ್ಲವಲ್ಲ, ನಾನು ಮಾಡಿದ್ದು ಸರಿಯಲ್ಲವೇ ಎಂದು ಕೇಳಿದೆ. ಅಪ್ಪ ಸರಿ ಎಂದುಬಿಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಅಪ್ಪ ನನ್ನ ಪಕ್ಕಕ್ಕೆ ಸರಿದು ಕೂತು ಹೇಳಿದರು.

"ಕೊಂಬೆ ತಂದಿದ್ದರೆ ನಾಗನಿಗೆ ಹಾಲೆರೆದು ಒಂದು ತಂಬಿಲದ ಪೂಜೆ ಕೊಟ್ಟು ತಪ್ಪು ಕೇಳಿಕೊಳ್ಳಬಹುದಿತ್ತು. ಅದಕ್ಕೆ ಪರಿಹಾರ ಉಂಟು ಮಗ. ಇದಕ್ಕೆ ಎಂತ ಉಂಟು?"

ಮರುದಿನ ಅಪ್ಪ ನನ್ನನ್ನು ಬಂದರಿನ ಅಂಗಡಿಗೆ ಕರೆದುಕೊಂಡು ಹೋಗಿ, ನನ್ನ ಬಾಯಿಂದಲೇ ಅದನ್ನು ಹೇಳಿಸಿದರು. ಅವನ ತಂದೆ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೊನೆಯವರೆಗೂ ಕೇಳಿದರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು.

ಅವರು ಎದ್ದು ಹೊರಗೆ ಹೋದರು. ನಾವು ಅವರಲ್ಲಿ ಚಹಾ ಕುಡಿಯುವವರಲ್ಲ ಎಂಬುದನ್ನು ಅವತ್ತೂ ಅವರು ಮರೆತಿರಲಿಲ್ಲ. ಎದುರಿನ ಅಂಗಡಿಯಿಂದ ಎರಡು ಎಳನೀರು ಕೆತ್ತಿಸಿ ತಾವೇ ಹಿಡಿದುಕೊಂಡು ಬಂದರು. ಒಂದನ್ನು ಅಪ್ಪನಿಗೆ ಕೊಟ್ಟು, ಇನ್ನೊಂದನ್ನು ನನ್ನ ಕೈಗೆ ತಾಗದ ಹಾಗೆ ಬೆಂಚಿನ ಮೇಲಿಟ್ಟು, "ಕುಡಿ ಮಗ, ಬಿಸಿಲಲ್ಲಿ ಬಂದಿದ್ದಿ" ಎಂದರು. ನಾನು ಅದನ್ನು ಎತ್ತಿಕೊಳ್ಳಲಾರದೆ, ಅವರ ಕೈಯನ್ನೇ ಹಿಡಿದುಕೊಂಡು ಅತ್ತುಬಿಟ್ಟೆ.