ಉತ್ತರದ ಗೋಡೆಯ ಕಿಂಡಿ

ಅವರ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ಚಿಕ್ಕವರಿದ್ದಾಗ ಕೊಟ್ಟಿಗೆಯ ಬಾಗಿಲಿಗೆ ಸಿಕ್ಕಿತ್ತಂತೆ. ಹಾಗಾಗಿ ಅವರು ಚರ್ಚಿನ ಗೋಪುರ ತೋರಿಸಿದರೆ ಹೊಸಬರೆಲ್ಲ ಪಕ್ಕದ ಹುಲ್ಲಿನ ಬಣವೆಯನ್ನು ನೋಡಿ ಭಕ್ತಿಯಿಂದ ತಲೆದೂಗುತ್ತಿದ್ದರು. ಅವರು ಸ್ವಲ್ಪ ಹೊತ್ತು ಮಜಾ ನೋಡಿ, ಆಮೇಲೆ "ಬೆರಳು ನೋಡಬೇಡಿ, ನನ್ನ ಮೂಗು ನೋಡಿ" ಎನ್ನುತ್ತಿದ್ದರು. ಮೂಗು ಮಾತ್ರ ನೆಟ್ಟಗಿತ್ತು.

ನಾವಿದ್ದದ್ದು ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋದರೆ ಹೊಳೆ ದಂಡೆಯಲ್ಲಿ ಅವರ ಹಳ್ಳಿ. ನೂರಾರು ವರ್ಷಗಳ ಹಿಂದೆ ಅದು ಹಡಗು ಬಂದು ನಿಲ್ಲುತ್ತಿದ್ದ ಪೇಟೆ. ಈಗ ಉಳಿದಿರುವುದು ನಲವತ್ತು ಮನೆ, ಒಂದು ಕಲ್ಲಿನ ಚರ್ಚು, ಹುಲ್ಲಿನಡಿ ಹೂತುಹೋದ ಕೋಟೆಯ ತಳಪಾಯ. ಭೂಗೋಳದ ಟೀಚರಾಗಿ ನಿವೃತ್ತರಾದ ಮೇಲೂ ಅವರು ಬೇಸಿಗೆಯ ಶನಿವಾರಗಳಂದು ಬಂದವರನ್ನು ಊರ ಸುತ್ತ ಆರು ಕಿಲೋಮೀಟರ್ ನಡೆಸುತ್ತಿದ್ದರು. ಸ್ವೀಡನ್ನಿನಲ್ಲಿ ಎಷ್ಟೇ ಹಿರಿಯರಾದರೂ ಹೆಸರು ಹಿಡಿದೇ ಕರೆಯುತ್ತಾರೆ. ಹಾವೇರಿಯಲ್ಲಿ ಬೆಳೆದ ನನಗೆ ನಾಲಿಗೆ ಏಳಲಿಲ್ಲ. ಗೈಡಮ್ಮ ಎಂದೆ. ಅರ್ಥ ಕೇಳಿ ತಿಳಿದುಕೊಂಡು, ಆ ಹೆಸರು ತಮಗೆ ಒಪ್ಪಿಗೆ ಎಂದರು.

ಎರಡು ಸಾವಿರದ ಮೂರರ ಮೇ ತಿಂಗಳು. ಗಂಡ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ, ಮೂರು ವರ್ಷದ ಮಗಳು ಡಾಗಿಸ್ ಎನ್ನುವ ಶಿಶುವಿಹಾರದಲ್ಲಿ, ನಾನು ಸ್ವೀಡಿಷ್ ಪಾಠದ ಪುಸ್ತಕದ ಮುಂದೆ. ಮಾತನಾಡಲು ಜನ ಬೇಕಾಗಿತ್ತು. ಲೈಬ್ರರಿಯಲ್ಲಿ ಅವರ ನಡಿಗೆಯ ಚೀಟಿ ಕಂಡು ಫೋನ್ ಮಾಡಿದೆ. "ಹಾಲ್ವ್ ಎಲ್ವಾ" ಎಂದರು, ಅಂದರೆ ಅರ್ಧ ಹನ್ನೊಂದು. ನಾನು ಹನ್ನೊಂದೂವರೆಗೆ ಹೋಗಿ ಇಳಿದೆ. ಅವರು ಹೇಳಿದ್ದು ಹತ್ತೂವರೆ! ಅಲ್ಲಿಯವರಿಗೆ ಅರ್ಧ ಹನ್ನೊಂದು ಎಂದರೆ ಹನ್ನೊಂದಕ್ಕೆ ಇನ್ನೂ ಅರ್ಧ ಗಂಟೆ ಇದೆ ಎಂದರ್ಥ. ಆ ದಿನ ಬೇರೆ ಯಾರೂ ಬಂದಿರಲಿಲ್ಲ. ಬರುತ್ತೇನೆ ಎಂದವಳಿಗಾಗಿ ಒಂದು ಗಂಟೆ ಕಲ್ಲುಗೋಡೆಯ ಮೇಲೆ ಥಂಡಿಯಲ್ಲಿ ಕೂತಿದ್ದರು.

ಬೈಸಿಕೊಳ್ಳಲು ಸಿದ್ಧಳಾಗಿಯೇ ತಪ್ಪು ಒಪ್ಪಿಕೊಂಡೆ. ಅವರ ಕಣ್ಣು ಅರಳಿತು. "ನಿಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತೀರಿ?" ಎಂದರು. ಹತ್ತು, ಮೇಲೆ ಅರ್ಧ ಎಂದೆ. "ಓ, ನೀವು ಮುಗಿದ ಗಂಟೆಯಿಂದ ಎಣಿಸುತ್ತೀರಿ. ನಾವು ಬರುವ ಗಂಟೆಯಿಂದ!" ಎಂದು ಅಷ್ಟಕ್ಕೇ ಖುಷಿಯಾಗಿಬಿಟ್ಟರು.

ಅಂದಿನಿಂದ ಆರು ಬೇಸಿಗೆ ಅವರ ಹಿಂದೆ ನಡೆದೆ. ಕಾಡುಬೆಳ್ಳುಳ್ಳಿಯ ಎಲೆ ಕಿತ್ತು ಮೂಸಿದೆ, ಹೊಳೆಯಲ್ಲಿ ದೋಣಿಗೆ ಹುಟ್ಟು ಹಾಕಲು ಕಲಿತೆ. ಮೊದಲ ಸಲ ದೋಣಿ ಗರಗರ ತಿರುಗಿತು, ಅವರು ಮುಂದೆ ಕೂತು ನಕ್ಕದ್ದೇ ನಕ್ಕದ್ದು. ಫೀಕಾಕ್ಕೆ ಅಂದರೆ ಕಾಫಿ ವಿರಾಮಕ್ಕೆ ಯಾವಾಗಲೂ ಅದೇ ಚಪ್ಪಟೆ ಬಂಡೆ. ಡಬ್ಬಿಯಿಂದ ಬನ್ನು ತೆಗೆದರೆ ಘಮ್ಮೆಂದು ಏಲಕ್ಕಿ ವಾಸನೆ. ನಮ್ಮೂರಿನಲ್ಲಿ ಏಲಕ್ಕಿಯ ಹಾರ ಮಾಡಿ ಕೊರಳಿಗೆ ಹಾಕುತ್ತಾರೆ ಎಂದಾಗ ಬನ್ನನ್ನು ಕಚ್ಚದೆ ಹಾಗೇ ಹಿಡಿದುಕೊಂಡು, "ಯಾರಿಗೆ? ಯಾಕೆ? ಆಮೇಲೆ ಅದನ್ನು ತಿನ್ನುತ್ತಾರಾ?" ಎಂದು ಸಾಲಾಗಿ ಕೇಳಿದರು. ಮೂರನೆಯದನ್ನು ಹಾವೇರಿಯಲ್ಲೇ ಹುಟ್ಟಿದವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ!

ನಡಿಗೆ ಮುಗಿಯುತ್ತಿದ್ದದ್ದು ಚರ್ಚಿನ ಉತ್ತರದ ಗೋಡೆಯ ಹತ್ತಿರ. ಅಲ್ಲಿ ಮೊಣಕಾಲೆತ್ತರದಲ್ಲಿ ಅಂಗೈ ಅಗಲದ ಒಂದು ಕಿಂಡಿ. ಬಗ್ಗಿ ನೋಡಿದರೆ ಒಳಗಿನ ನೆಲದ ಎರಡು ಹಾಸುಗಲ್ಲು ಕಾಣುತ್ತವೆ, ಅಷ್ಟೇ. ಯಾಕೆ ಇಟ್ಟರು? ಗಾಳಿಗೆಂದು ಪಾದ್ರಿ ಹೇಳುತ್ತಿದ್ದರಂತೆ, ಬೆಕ್ಕಿಗೆಂದು ಪಕ್ಕದ ರೈತ. ಗೈಡಮ್ಮ ಮಾತ್ರ ಪ್ರತಿ ಶನಿವಾರ ಸೊಟ್ಟ ಬೆರಳು ಚಾಚಿ, ಹಬ್ಬದೂಟ ಬಡಿಸುವವರ ಸಂಭ್ರಮದಲ್ಲಿ "ವೆತ್ ಇಂತೆ" ಎನ್ನುತ್ತಿದ್ದರು. ಗೊತ್ತಿಲ್ಲ ಎಂದು. ಅವರು ಕಲಿತ ಮೊದಲ ಕನ್ನಡವೂ ಅದೇ: "ಗೊತಿಲಾ." ಕನ್ನಡದಲ್ಲಿ ಉತ್ತರ ಎಂದರೆ ಈ ದಿಕ್ಕೂ ಹೌದು, ಪ್ರಶ್ನೆಗೆ ಕೊಡುವ ಜವಾಬೂ ಹೌದು ಎಂದು ಹೇಳಿದ ದಿನ, ಗೋಡೆಗೆ ಕಿವಿಯಿಟ್ಟು "ಹಾಗಾದರೆ ಉತ್ತರ ಇಲ್ಲೇ ಎಲ್ಲೋ ಇರಬೇಕು" ಎಂದರು.

ನಾನು ಕೆಟ್ಟದ್ದು ಈ ಗೋಡೆಯ ಹತ್ತಿರವೇ. ಮೂರನೇ ಬೇಸಿಗೆಯಲ್ಲಿ ನಮ್ಮ ಕನ್ನಡದವರ ಐದಾರು ಸಂಸಾರಗಳನ್ನು ಕರೆದುಕೊಂಡು ಹೋದೆ. ಬೆಂಗಳೂರಿನಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರೂ ಇದ್ದರು. ಗೈಡಮ್ಮ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನನ್ನದು. ಚಿತ್ರಾನ್ನದ ಡಬ್ಬಿಗಳು ಖಾಲಿಯಾಗಿ, ಎಲ್ಲರೂ ಗೋಡೆಯ ಮುಂದೆ ನಿಂತೆವು.

"ಏನಮ್ಮ ಇದು, ಈ ಕಿಂಡಿ ಯಾಕಿಟ್ಟಿದಾರೆ?" ಎಂದರು ಹಿರಿಯರು.

"ವೆತ್ ಇಂತೆ" ಎಂದರು ಗೈಡಮ್ಮ.

ನನಗೆ ಮುಖ ಹೋದಂತಾಯಿತು. ಇಷ್ಟು ದೂರ ನಡೆಸಿಕೊಂಡು ಬಂದು ಗೈಡಿಗೇ ಗೊತ್ತಿಲ್ಲ ಎನ್ನುವುದೇ? ದಾರಿ ಕೇಳಿದವರಿಗೆ ಗೊತ್ತಿಲ್ಲದಿದ್ದರೂ ಕೈ ತೋರಿಸಿ ಕಳಿಸುವ ಜನ ನಾವು. ಬಾಯಿ ತಾನಾಗಿಯೇ ಓಡಿತು: "ಆ ಕಾಲದಲ್ಲಿ ಕೆಲವರನ್ನ ಚರ್ಚಿನೊಳಗೆ ಬಿಡ್ತಿರಲಿಲ್ಲವಂತೆ ಅಂಕಲ್. ಅವರು ಇಲ್ಲಿ ಬಗ್ಗಿ ದೇವರನ್ನ ನೋಡ್ತಿದ್ರಂತೆ. ನಮ್ಮ ಉಡುಪಿ ಥರಾನೇ."

"ಅಬ್ಬಾ! ನೋಡಿದ್ರಾ, ಇಲ್ಲೂ ಒಂದು ಉಡುಪಿ!" ಹಿರಿಯರು ಕೈ ಮುಗಿದೇಬಿಟ್ಟರು. ಫೋಟೋಗೆ ಸಾಲು ನಿಂತಿತು.

ಗೈಡಮ್ಮ ನನ್ನನ್ನೇ ನೋಡುತ್ತಿದ್ದರು. "ನಾನು ಹೇಳಿದ್ದು ಎರಡು ಮಾತು. ನೀನು ಹೇಳಿದ್ದು ಅಷ್ಟುದ್ದ ಹೇಗಾಯಿತು?"

"ಕನ್ನಡ ಸ್ವಲ್ಪ ಉದ್ದದ ಭಾಷೆ" ಎಂದೆ.

ಆಗಸ್ಟಿನಲ್ಲಿ ಒಂದು ಸಂಜೆ ಕರೆಗಂಟೆ ಸದ್ದಾಯಿತು. ಫೋನ್ ಮಾಡದೆ ಯಾರ ಮನೆಗೂ ಹೋಗದವರ ದೇಶದಲ್ಲಿ ಗೈಡಮ್ಮ ಹೇಳದೆ ಬಂದು ಬಾಗಿಲಲ್ಲಿ ನಿಂತಿದ್ದರು. ಕಾಫಿ ಬೇಡ ಎಂದರು. ಹಿಂದಿನ ಶನಿವಾರ ಸ್ವೀಡಿಷ್ ದಂಪತಿ ಬಂದು "ಒಳಗೆ ಬಿಡದವರ ಕಿಂಡಿ" ತೋರಿಸಿ ಎಂದರಂತೆ. ಆಫೀಸಿನ ಭಾರತೀಯ ಗೆಳೆಯ ಹೇಳಿದ್ದಂತೆ, ಅವನಿಗೆ ಹೇಳಿದ್ದು ಅಲ್ಲಿಯ ಗೈಡೇ ಅಂತೆ.

"ಇಪ್ಪತ್ತು ವರ್ಷ ಈ ಗೊತ್ತಿಲ್ಲವನ್ನು ಧೂಳು ಕೂರದ ಹಾಗೆ ಒರೆಸಿ ಇಟ್ಟುಕೊಂಡಿದ್ದೆ" ಎಂದರು. "ಕಿಂಡಿ ತೆರೆದಿದ್ದರೆ ಯಾವತ್ತೋ ಯಾರೋ ಬಗ್ಗಿ ನೋಡಿ ನಿಜ ಹುಡುಕುತ್ತಾರೆ. ನೀನು ಮಣ್ಣು ಮೆತ್ತಿದೆ. ಅದೂ ನನ್ನ ಬಾಯಿಂದ."

ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಮರುದಿನ ಒಬ್ಬೊಬ್ಬರಿಗೂ ಫೋನ್ ಮಾಡಿ, ಗೈಡಮ್ಮ ಹಾಗೆ ಹೇಳಿಲ್ಲ, ನಾನೇ ಕಟ್ಟಿ ಹೇಳಿದೆ ಎಂದೆ. "ಬಿಡಿ ಮೇಡಂ, ಸ್ಟೋರಿ ಚೆನ್ನಾಗಿತ್ತಲ್ಲ!" ಎಂದರು ಹಿರಿಯರ ಮಗ. ಬಿಡಲು ಆಗಲಿಲ್ಲ. ಮುಂದಿನ ಶನಿವಾರ ಹಳ್ಳಿಗೆ ಹೋಗಿ, ಬಂದ ಹನ್ನೆರಡು ಮಂದಿಯ ಎದುರು ನನ್ನ ಅರೆಬರೆ ಸ್ವೀಡಿಷಿನಲ್ಲಿ ಅದನ್ನೇ ಹೇಳಿದೆ.

ಎಲ್ಲರೂ ಹೋದ ಮೇಲೆ ಗೈಡಮ್ಮ ಬಂಡೆಯ ಮೇಲೆ ಕೂತು ಏಲಕ್ಕಿ ಬನ್ನು ಮುರಿದು ಅರ್ಧ ಕೊಟ್ಟರು. "ಈಗ ಆ ಉಡುಪಿಯ ಕಥೆ ಹೇಳು" ಎಂದರು. ಒಳಗೆ ಬಿಡದ ಭಕ್ತ ಗುಡಿಯ ಹಿಂದೆ ನಿಂತು ಹಾಡಿದ್ದು, ಗೋಡೆ ಬಿರಿದದ್ದು, ದೇವರು ಅವನ ಕಡೆಗೆ ತಿರುಗಿ ನಿಂತದ್ದು, ಎಲ್ಲ ಹೇಳಿದೆ.

"ನಿಜವಾಗಿ ಹಾಗೆ ನಡೆಯಿತಾ?" ಎಂದು ಕೇಳಿದರು.

"ಗೊತ್ತಿಲ್ಲ" ಎಂದೆ.

ನನ್ನ ಬೆನ್ನಿಗೆ ರಪ್ಪನೆ ಹೊಡೆದರು. "ಇವತ್ತು ನೀನು ಗೈಡ್ ಆದೆ!"

ಎರಡು ಸಾವಿರದ ಒಂಬತ್ತರಲ್ಲಿ ಕಾಯಿಲೆ ಬಿದ್ದರು. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಕೈ ಎತ್ತಿದರು, ಬೆರಳು ಕಿಟಕಿಯ ಕಡೆಗಿತ್ತು. ನಾನು ಅಭ್ಯಾಸಬಲದಿಂದ ಮೂಗು ನೋಡಿದೆ. ಅವರು ತೋರಿಸುತ್ತಿದ್ದದ್ದು ನನ್ನನ್ನೇ. "ಕಿಂಡಿ ಯಾಕೆಂದು ಇನ್ನೇನು ನನಗೆ ಗೊತ್ತಾದರೂ ಆದೀತು. ಆದರೆ ನಿನಗೆ ಹೇಳಲು ಆಗುವುದಿಲ್ಲ, ಅದೇ ಸಂಕಟ" ಎಂದು ನಕ್ಕರು. ನನಗೆ ನಗಲು ಆಗಲಿಲ್ಲ.

ಅಂತ್ಯಕ್ರಿಯೆ ಅದೇ ಚರ್ಚಿನಲ್ಲಿ. ಅವರ ತಮ್ಮ ಫೋನಿನಲ್ಲಿ "ಹಾಲ್ವ್ ತ್ವೋ" ಎಂದರು, ಅರ್ಧ ಎರಡು. ಆರು ವರ್ಷದ ಸ್ವೀಡಿಷ್ ಆ ಅಳುವಿನಲ್ಲಿ ಕೈಕೊಟ್ಟಿತು. ಎರಡೂವರೆ ಎಂದು ಬರೆದುಕೊಂಡೆ. ಇಪ್ಪತ್ತು ನಿಮಿಷ ಮುಂಚೆಯೇ ಬಂದೆವೆಂದುಕೊಂಡು ಮಗಳ ಕೈ ಹಿಡಿದು ಅಂಗಳಕ್ಕೆ ಕಾಲಿಟ್ಟರೆ ಒಳಗಿನಿಂದ ಆಗಲೇ ಹಾಡು ಕೇಳಿಸುತ್ತಿತ್ತು. ಮುಗಿದ ಗಂಟೆಯಿಂದ ಎಣಿಸುವ ಬುದ್ಧಿ ಮತ್ತೆ ನನ್ನನ್ನು ತಡಮಾಡಿತ್ತು. ಈ ಸಲ ಗೋಡೆಯ ಮೇಲೆ ಕಾದು ಕೂತವರು ಯಾರೂ ಇರಲಿಲ್ಲ.

ಕಿರ್ರೆನ್ನುವ ಆ ಬಾಗಿಲನ್ನು ಹಾಡಿನ ನಡುವೆ ತೆರೆಯಲು ಮನಸ್ಸಾಗಲಿಲ್ಲ. ಉತ್ತರದ ಗೋಡೆಯ ಕಡೆ ಹೋಗಿ, ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿ ಬಗ್ಗಿದೆ. ಅದೇ ಎರಡು ಹಾಸುಗಲ್ಲು. ಅವುಗಳ ಮೇಲೆ ಬಿಳಿ ಪೆಟ್ಟಿಗೆಯ ಒಂದು ಮೂಲೆ, ನೆಲದಲ್ಲಿಟ್ಟ ಹೂವು. ಅಷ್ಟೇ ಕಂಡಿತು. ಕೈ ಮುಗಿದೆ.

ಮಗಳು ಪಕ್ಕದಲ್ಲಿ ಬಗ್ಗಿ ನೋಡಿದಳು. "ಅಮ್ಮಾ, ಈ ತೂತು ಯಾಕೆ ಮಾಡಿದಾರೆ?" ಎಂದು ಸ್ವೀಡಿಷಿನಲ್ಲಿ ಪಿಸುಗುಟ್ಟಿದಳು.

ಇದಕ್ಕೇ ಇರಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಗೊತ್ತಿಲ್ಲ ನನ್ನವ್ವಾ" ಎಂದೆ.