ಬರ್ತೀವಿ ಅಂದು ಬಿಟ್ಟುಬಂದ ಊಟ

ದಕ್ಷಿಣ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಬಾಯಲ್ಲಿ ನೀರೂರುವುದಿಲ್ಲ, ಒಬ್ಬ ಮುದುಕಿಯ ಮುಖ ನೆನಪಾಗುತ್ತದೆ. ವೆಲ್ಲಿಂಗ್ಟನ್ನಿನ ನಮ್ಮ ಆಫೀಸಿನಲ್ಲಿ ಈ ಪ್ರಶ್ನೆಗೆ ನಾನೇ ಪಂಡಿತ. 2014ರಲ್ಲಿ ಹೆಂಡತಿ ವತ್ಸಲೆಯ ಜೊತೆ ಒಂಬತ್ತು ದಿನ ಅಲ್ಲಿ ಸುತ್ತಿಬಂದವನು ಎನ್ನುವುದಷ್ಟೇ ನನ್ನ ಅರ್ಹತೆ. ಅದಾಗಿ ನಾಲ್ಕು ವರ್ಷದ ಮೇಲೆ ಪಕ್ಕದ ಮೇಜಿನವಳು ಗಂಡನೊಂದಿಗೆ ಅಲ್ಲಿಗೇ ಹೊರಟಿದ್ದಳು. ಊಟದ ಜಾಗಗಳ ಪಟ್ಟಿ ಶುಕ್ರವಾರದೊಳಗೆ ಬೇಕು ಎಂದಳು. ಅವಳ ಹೆಸರು ಹೆದರ್. ಇಲ್ಲಿಯವರಿಗೆ ಅದೊಂದು ಹೂವಿನ ಹೆಸರಂತೆ. ನನಗೆ ಮಾತ್ರ ದಿನಾ ಯಾರೋ ಅಪ್ಪಣೆ ಮಾಡಿದ ಹಾಗೆ ಕೇಳಿಸುತ್ತದೆ, ನಾನೂ ಪಾಲಿಸುತ್ತೇನೆ.

ಹೆದರುವುದರಲ್ಲಿ ನನಗೆ ಅಭ್ಯಾಸ ಸಾಕಷ್ಟಿದೆ. ಬೆಳಿಗ್ಗೆ ನಮ್ಮ ಬಡಾವಣೆ ಜಾನ್ಸನ್‌ವಿಲ್‌ನಿಂದ ರೈಲು ಸುರಂಗಗಳನ್ನು ಹಾದು ಪೇಟೆಗಿಳಿಯುವಾಗ ಉಳಿದವರು ಕಿಟಕಿಯಾಚೆ ನೋಡುತ್ತಾರೆ. ನಾನು ಬ್ಯಾಗಿನೊಳಗೆ ಕೈಯಿಟ್ಟು ಹುಳಿಯ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತೇನೆ. ಅಂಥವನು ಸಸ್ಯಾಹಾರಿಯಾಗಿ ಫ್ರಾನ್ಸಿಗೆ ಹೊರಟರೆ ಹೇಗಿರಬೇಡ. ಎರಡು ತಿಂಗಳು ಒಂದೇ ಒಂದು ಫ್ರೆಂಚ್ ವಾಕ್ಯ ಕಲಿತೆ: ನಾವು ಮಾಂಸ ತಿನ್ನುವುದಿಲ್ಲ, ಮೀನೂ ತಿನ್ನುವುದಿಲ್ಲ, ಕೋಳಿಯೂ ನಮ್ಮ ಲೆಕ್ಕದಲ್ಲಿ ಮಾಂಸವೇ. ಸ್ನಾನ ಮಾಡುವಾಗಲೂ ಅದನ್ನೇ ಗಟ್ಟಿಮಾಡುತ್ತಿದ್ದೆ. "ಸಂಧ್ಯಾವಂದನೆಗೂ ಇಷ್ಟು ಶ್ರದ್ಧೆ ಇರ್ಲಿಲ್ಲ ರೀ ನಿಮಗೆ" ಎಂದಳು ವತ್ಸಲೆ.

ಹೋದಮೇಲೆ ತಿಳಿದದ್ದು, ಆ ಸೀಮೆಯಲ್ಲಿ ಊಟ ಎನ್ನುವುದು ಮುಹೂರ್ತದ ವಿಷಯ. ಹನ್ನೆರಡಕ್ಕೆ ಶುರು, ಎರಡು ಹೊಡೆಯುವುದರೊಳಗೆ ಒಲೆ ಆರಿರುತ್ತದೆ. ಆಮೇಲೆ ಸಂಜೆ ಏಳೂವರೆಯವರೆಗೆ ನೀವು ಬೇಡಿಕೊಂಡರೂ ಯಾರೂ ಬಾಣಲೆ ಇಡುವುದಿಲ್ಲ. ನಾಲ್ಕು ಗಂಟೆಗೆ ಕಾಫಿ ಜೊತೆ ಏನಾದರೂ ಕುರುಕಬೇಕು ಎನ್ನುವ ಮೈಸೂರಿನ ಹೊಟ್ಟೆಗೆ ಇದು ದೊಡ್ಡ ಶಿಕ್ಷೆ. ಮಧ್ಯಾಹ್ನ ಅಂಚೆಯವರ ವ್ಯಾನು, ನಲ್ಲಿ ರಿಪೇರಿಯವರ ವ್ಯಾನು ಯಾವ ಹೋಟೆಲಿನ ಮುಂದೆ ನಿಂತಿದೆಯೋ ಅಲ್ಲಿಗೆ ನುಗ್ಗಿ, ಹಲಗೆಯ ಮೇಲೆ ಬರೆದದ್ದನ್ನು ತಿನ್ನುವುದು ಜಾಣತನ. ಅದಕ್ಕಿಂತ ಒಳ್ಳೆಯದು ತೋಟದ ಮನೆಗಳ ಊಟ. ಮನೆಯವರು ತಮ್ಮ ಮೇಜಿನಲ್ಲೇ ನಿಮಗೂ ಎರಡು ತಟ್ಟೆ ಇಡುತ್ತಾರೆ. ಆದರೆ ಬರುತ್ತೇವೆ ಎಂದು ಮೊದಲೇ ಹೇಳಿರಬೇಕು. ತಲೆ ಎಣಿಸಿಯೇ ಅಡುಗೆಗೆ ಇಡುತ್ತಾರೆ.

ಎಂಟನೆಯ ದಿನ ಮಧ್ಯಾಹ್ನ ದಾರಿ ತಪ್ಪಿದೆವು. ಅಲ್ಲಿ ರಸ್ತೆಯ ಬಲಗಡೆ ಕಾರು ಓಡಿಸಬೇಕು. ಅದರ ಭಯಕ್ಕೆ ನಾನು ಎಲ್ಲ ತಿರುವುಗಳಲ್ಲೂ ದೇವರನ್ನು ನೆನೆಯುತ್ತಿದ್ದೆ. ಎರಡು ಹೋಟೆಲುಗಳು ಬಾಗಿಲು ಹಾಕಿದ ಮೇಲೆ ಗುಡ್ಡದ ಮೇಲೆ ಹೀಗೆ ಊಟ ಹಾಕುವ ಒಂದು ಕಲ್ಲಿನ ಮನೆಗೆ ಬಂದೆವು. ಮನೆಯೊಡತಿ ಮದಾಮ್ ಒಡೆಟ್, ಎಪ್ಪತ್ತು ದಾಟಿದವರು. ಅವರಲ್ಲಿ ರಾತ್ರಿಯ ಊಟ ಮಾತ್ರ. ನಾನು ನನ್ನ ವಾಕ್ಯ ಒಪ್ಪಿಸಿದೆ. ಅವರು ನಕ್ಕು, ವತ್ಸಲೆಯ ಸೋತ ಮುಖ ನೋಡಿ, ಒಳಗೆ ಕರೆದು ಕೂರಿಸಿದರು. ಬೆಳ್ಳುಳ್ಳಿ ಹಾಕಿದ ಕಾಬೂಲಿ ಕಡಲೆಯ ಸಾರು, ಎಣ್ಣೆಯಲ್ಲಿ ಮೆತ್ತಗೆ ಬೆಂದ ಬದನೆಕಾಯಿ, ಆಡಿನ ಹಾಲಿನ ಚೀಸು, ಆಗಷ್ಟೇ ಕಿತ್ತ ಏಪ್ರಿಕಾಟು. ಎಂಟು ದಿನ ಬ್ರೆಡ್ಡು ಸೊಪ್ಪು ಅಗಿದಿದ್ದ ವತ್ಸಲೆ ಕೇಳದೆಯೇ ಎರಡನೇ ಸಲ ಬಡಿಸಿಕೊಂಡಳು. ನನಗೆ ಕಣ್ಣು ತುಂಬಿತು ಎಂದರೆ ನಗಬೇಡಿ.

ಹೊರಡುವಾಗ ಆಯಿತು ನೋಡಿ. ನಮ್ಮ ಮನೆಗಳಲ್ಲಿ ಯಾರೂ "ಹೋಗ್ತೀವಿ" ಎನ್ನುವುದಿಲ್ಲ, ಅಪಶಕುನ. ಮತ್ತೆಂದೂ ಮುಖ ನೋಡದವರಿಗೂ "ಬರ್ತೀವಿ" ಎಂದೇ ಹೇಳುವುದು. ಹೊಸ್ತಿಲಲ್ಲಿ ನಿಂತು ಅದನ್ನೇ ಇಂಗ್ಲಿಷಿನಲ್ಲಿ, "ಓಕೆ, ವಿ ವಿಲ್ ಕಮ್" ಎಂದೆ. ಮದಾಮ್ ಮುಖ ಅರಳಿತು. "ಸ ಸ್ವಾರ್?" ಎಂದರು. "ಬೋನ್ ಸ್ವಾರ್" ಗೊತ್ತಿತ್ತು, ಶುಭ ಸಂಜೆ. ಇದು ಅದರ ತಂಗಿಯಿರಬೇಕೆಂದುಕೊಂಡೆ. ಕೈಮುಗಿದು, ತಲೆಯಾಡಿಸಿ, "ಸ ಸ್ವಾರ್, ಸ ಸ್ವಾರ್" ಎಂದು ಎರಡು ಸಲ ಹೇಳಿದೆ. ನಮ್ಮ ಅಂದಿನ ವಸತಿ ಎಲ್ಲಿ ಎಂದು ಕೇಳಿದರು, ಹೆಸರು ಹೇಳಿದೆ.

ಮರುದಿನ ಬೆಳಿಗ್ಗೆ ವಸತಿಯ ಯಜಮಾನರು ಕಾಫಿ ತಂದಿಟ್ಟು ಹೇಳಿದರು: "ನಿನ್ನೆ ರಾತ್ರಿ ಒಡೆಟ್ ಫೋನ್ ಮಾಡಿದ್ದರು. ಮಾಂಸವಿಲ್ಲದ ಅಡುಗೆ ಮಾಡಿಕೊಂಡು ನಿಮ್ಮಿಬ್ಬರಿಗೆ ಕಾಯುತ್ತಿದ್ದರು. ದಾರಿಯಲ್ಲಿ ಅಪಘಾತವಾಯಿತೋ ಏನೋ ಅಂತ ಅವರಿಗೆ ಗಾಬರಿ. ಕಾರು ಇಲ್ಲೇ ನಿಂತಿದೆ, ಇಬ್ಬರೂ ಮಲಗಿದ್ದಾರೆ ಅಂದೆ." "ಸ ಸ್ವಾರ್" ಎಂದರೆ ಇವತ್ತು ಸಂಜೆ ಎಂದು ಅವರೇ ತಿಳಿಸಿಕೊಟ್ಟರು.

"ನಡೀರಿ, ಹೋಗಿ ತಪ್ಪಾಯ್ತು ಅಂದು ಬರೋಣ. ಅರ್ಧ ಗಂಟೆ ದಾರಿ" ಎಂದಳು ವತ್ಸಲೆ. ವಿಮಾನ ಸಂಜೆ ನಾಲ್ಕಕ್ಕೆ. ಸಮಯ ಬೇಕಾದಷ್ಟಿತ್ತು, ಧೈರ್ಯ ಇರಲಿಲ್ಲ. ದಾರಿ ತಪ್ಪಿದರೆ, ಟೈರು ಪಂಚರಾದರೆ ಎಂದೆಲ್ಲ ನೆಪ ಹೇಳಿದೆ. ನಿಜವಾಗಿ ನಾನು ಹೆದರಿದ್ದು ಆ ಮುದುಕಿಯ ಮುಖಕ್ಕೆ. ವಿಮಾನ ನಿಲ್ದಾಣದಲ್ಲಿ ಐದು ಗಂಟೆ ಮೊದಲೇ ಹೋಗಿ ಕೂತೆವು. ಐದು ಗಂಟೆಯೂ ವತ್ಸಲೆ ಸೆಂಟಿನಂಗಡಿಯ ಬೋರ್ಡು ಓದಿದಳು, ನನ್ನ ಕಡೆ ತಿರುಗಲಿಲ್ಲ.

ಗುರುವಾರ ಸಂಜೆ ಹೆದರ್‌ಳ ಪಟ್ಟಿ ಸಿದ್ಧವಾಯಿತು, ಆರು ಹೆಸರು. ವತ್ಸಲೆ ಭುಜದ ಮೇಲಿಂದ ಇಣುಕಿ ಓದಿದಳು. "ಒಂಬತ್ತು ದಿನದಲ್ಲಿ ನಾವು ಊಟ ಅಂತ ಮಾಡಿದ್ದು ಒಂದೇ ಕಡೆ. ಅದೇ ಇಲ್ವಲ್ಲ."

"ಅವಳು ಹೋಗಿ ನನ್ನ ಹೆಸರು ಹೇಳಿಬಿಟ್ಟರೆ?"

"ಹೇಳ್ಲಿ. ಅದಕ್ಕೆ ಮುಂಚೆ ನೀವೇ ಹೇಳಿ." ಒಳಗಿನಿಂದ ಮದಾಮ್ ಮನೆಯ ಕಾರ್ಡು ತಂದು ಮುಂದಿಟ್ಟಳು. ನಾಲ್ಕು ವರ್ಷ ಅದನ್ನು ಎಲ್ಲಿಟ್ಟಿದ್ದಳೋ ನಾನು ಕೇಳಲಿಲ್ಲ. ನಮಗೆ ರಾತ್ರಿ ಎಂಟು, ಅವರಿಗೆ ಬೆಳಿಗ್ಗೆ ಹತ್ತು.

ನಂಬರನ್ನು ಎರಡು ಸಲ ಓದಿ ಒತ್ತಿದೆ. ಅವರೇ ಎತ್ತಿದರು. ಪರಿಚಯ ಹೇಳಲು ನನ್ನಲ್ಲಿದ್ದದ್ದು ಒಂದೇ ವಾಕ್ಯ: ನಾವು ಮಾಂಸ ತಿನ್ನುವುದಿಲ್ಲ, ಮೀನೂ ತಿನ್ನುವುದಿಲ್ಲ. ಅವರು ಅದನ್ನೇ ಒಂದು ಸಲ ತಿರುಗಿಸಿ ಹೇಳಿಕೊಂಡರು. ಆಮೇಲೆ "ಆ, ಇಂಡಿಯಾದ ಮುಸ್ಯೂ" ಎಂದರು. ನಾನು ಇಂಗ್ಲಿಷಿಗೆ ಬಂದಷ್ಟು ಫ್ರೆಂಚ್ ಕಲಸಿ ಕ್ಷಮೆ ಕೇಳಿದೆ. ಅದು ಅವರಿಗೆ ಬೇಕಾಗಿರಲಿಲ್ಲ. ಅರ್ಧದಲ್ಲೇ ತಡೆದು ತಮ್ಮ ಹರುಕು ಇಂಗ್ಲಿಷಿನಲ್ಲಿ ಕೇಳಿದರು: "ಅಂದು ಸಂಜೆ ಏನು ತಿಂದಿರಿ?"

ಸುಳ್ಳು ಹೇಳಬಹುದಿತ್ತು. "ಬ್ರೆಡ್ಡು, ಚಿಪ್ಸು. ಕಾರಿನಲ್ಲಿ ಕೂತು" ಎಂದೆ.

"ಮದಾಮ್ ಕೂಡ?"

"ಮದಾಮ್ ಕೂಡ."

ಅವರು ಪಕ್ಕದಲ್ಲಿದ್ದ ಯಾರಿಗೋ ಅದನ್ನು ಫ್ರೆಂಚಿನಲ್ಲಿ ಹೇಳಿದರು. ಆ ಯಾರೋ ಲೊಚಗುಟ್ಟಿದ್ದು ನನಗೆ ಕೇಳಿಸಿತು. ಬರಲಿಲ್ಲವೆಂಬ ಸಿಟ್ಟು ಅವರಲ್ಲಿ ಉಳಿದೇ ಇರಲಿಲ್ಲ. ಹೆಂಡತಿಗೆ ಚಿಪ್ಸು ತಿನ್ನಿಸಿದ್ದನ್ನು ಮಾತ್ರ ಅವರು ಈಗಲೂ ಕ್ಷಮಿಸಿಲ್ಲ. ವತ್ಸಲೆ ಕೈಚಾಚಿದಳು: "ಕೊಡಿ ಇಲ್ಲಿ, ಉಳಿದದ್ದು ನಾನು ಹೇಳ್ತೀನಿ."

ಒಬ್ಬರ ಭಾಷೆ ಇನ್ನೊಬ್ಬರಿಗೆ ಸರಿಯಾಗಿ ಬಾರದ ಆ ಇಬ್ಬರು ಇಪ್ಪತ್ತು ನಿಮಿಷ ಮಾತಾಡಿದರು. ಅಷ್ಟರಲ್ಲಿ ನಾನು ಆರು ಹೆಸರನ್ನೂ ಹೊಡೆದುಹಾಕಿ ಒಂದನ್ನು ಬರೆದೆ. ಅಲ್ಲಿ ಏನು ಚೆನ್ನಾಗಿರುತ್ತದೆ ಎಂದು ಬರೆಯಲಿಲ್ಲ. ಬರುತ್ತೇವೆ ಎಂದು ಹೇಳಿ ಹೋಗದಿದ್ದರೆ ಕಾಯುತ್ತಾರೆ ಎಂದಷ್ಟೇ ಬರೆದೆ.